ಹುಂಜವಿಲ್ಲದ ತತ್ತಿ

ವೀರೇಶನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದಾಗ ಅವನಿಗೆ ನಲವತ್ತೆರಡು, ಅವನ ತಂದೆ ಮುರುಗೆಪ್ಪನವರಿಗೆ ಎಪ್ಪತ್ತೊಂದು. ಗುಳೇದಗುಡ್ಡದಿಂದ ಮದ್ರಾಸಿಗೆ ಬಂದು, ಅಂಬತ್ತೂರಿನ ಎಸ್ಟೇಟಿನಲ್ಲಿ ನಲವತ್ತು ವರ್ಷ ಬೇರಿಂಗ್ ಅಂಗಡಿ ನಡೆಸಿ, ಅದನ್ನು ಮಗನ ಕೈಗೆ ಒಪ್ಪಿಸಿ, ಇನ್ನು ಪೂಜೆ ಉಂಟು ಪೇಪರ್ ಉಂಟು ಎಂದು ಕೂತಿದ್ದ ಮನುಷ್ಯ ಅವರು. ಹೆಂಡತಿ ಗಿರಿಜಾದೇವಿ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ಮಗ, ಶಾಲೆಯಲ್ಲಿ ಗಣಿತ ಕಲಿಸುವ ಸೊಸೆ ಸಂಗೀತಾ, ಒಂಬತ್ತು ವರ್ಷದ ಮೊಮ್ಮಗಳು ಪ್ರಣಮ್ಯಾ. ಅಕ್ಕಪಕ್ಕದ ಮನೆಗಳೆಲ್ಲ ಫ್ಲ್ಯಾಟ್‌ಗಳಾಗಿ ಎದ್ದು ನಿಂತಿದ್ದರೂ ಇವರ ಮನೆಗೆ ಮಾತ್ರ ಇನ್ನೂ ಹಿತ್ತಲು ಉಳಿದಿತ್ತು. ಅದರಲ್ಲಿ ಒಂದು ನುಗ್ಗೆಮರ, ಒಂದು ಬೇವು, ಬಟ್ಟೆ ಒಗೆಯುವ ಕಲ್ಲು.

ಸೋಮವಾರ, ಬುಧವಾರ, ಶುಕ್ರವಾರ ಕೀಲ್ಪಾಕಿನ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕಿತ್ತು. ಸಂಗೀತಾಗೆ ಶಾಲೆ ಇರುತ್ತಿದ್ದರಿಂದ ಮುರುಗೆಪ್ಪನವರೇ ಜೊತೆಗೆ ಹೋಗುತ್ತಿದ್ದರು. ಆರಂಭದ ತಿಂಗಳಲ್ಲೇ ಅಲ್ಲಿಯ ಡಯಟಿಷಿಯನ್ ಇವರನ್ನು ಕರೆದು ಕೂರಿಸಿ ಹೇಳಿದಳು: ರಕ್ತದಲ್ಲಿ ಪ್ರೋಟೀನ್ ತೀರಾ ಇಳಿದಿದೆ, ಪ್ರತಿ ಸಲ ಡಯಾಲಿಸಿಸ್ ಮಾಡಿದಾಗಲೂ ಇನ್ನಷ್ಟು ಹೋಗುತ್ತದೆ, ದಿನಕ್ಕೆ ಮೂರು ಮೊಟ್ಟೆಯ ಬಿಳಿ ಕೊಡಲೇಬೇಕು.

"ಬ್ಯಾಳಿ, ಹಾಲು ಕೊಟ್ರ ಆಗಂಗಿಲ್ಲೇನು?" ಎಂದು ಮುರುಗೆಪ್ಪ ಮನೆಗೆ ಬಂದ ಮೇಲೆ ಸೊಸೆಯನ್ನು ಕೇಳಿದರು.

"ಅದರಾಗಿನ ಬ್ಯಾರೆ ಉಪ್ಪು ಈಗ ಇವರ ಮೈಗೆ ವಿಷ ಇದ್ದಂಗಂತ ಮಾವಾರ. ಬಿಳಿ ಒಂದ ಚಲೋ ಅಂತಾರ."

"ಈ ಮನ್ಯಾಗ ದಿನಾ ಲಿಂಗಪೂಜಿ ನಡೀತೈತವಾ. ತತ್ತಿ ಒಳಗ ಬರಂಗಿಲ್ಲ. ಜೀವಾ ಐತಿ ಅದರಾಗ."

ವೀರೇಶ ಮಂಚದ ಮೇಲೆ ಮಲಗಿದ್ದವನು ಎದ್ದು ಕೂತ. "ಅಪ್ಪಾ, ಅಂಗಡಿ ತತ್ತ್ಯಾಗ ಜೀವಾ ಇರಂಗಿಲ್ಲ. ಅವು ಹುಂಜ ಇಲ್ಲದ ಕೋಳಿ ಇಟ್ಟಿದ್ದು. ಕಾವು ಕೊಟ್ರೂ ಮರಿ ಆಗಂಗಿಲ್ಲ."

"ಹುಂಜ ಇಲ್ಲದ ಕೋಳಿ ತತ್ತಿ ಇಡತೈತೇನಲೇ? ಯಾರಿಗೆ ಹೇಳ್ತಿ ಇದನ್ನ? ಮಾರಾವ್ರು ಹೇಳೋ ಮಾತದು."

ವೀರೇಶ ವಾದ ಮಾಡುವವನಲ್ಲ. ಚಿಕ್ಕಂದಿನಿಂದಲೂ ಅಪ್ಪ ಒಮ್ಮೆ ಬೇಡವೆಂದರೆ ಅವನು ಎರಡನೆಯ ಸಲ ಕೇಳಿದ್ದಿಲ್ಲ. ಆಸ್ಪತ್ರೆಯ ಎದುರಿನ ಟೀ ಅಂಗಡಿಯಲ್ಲಾದರೂ ಬೇಯಿಸಿದ್ದನ್ನು ತಿಂದು ಬನ್ನಿ, ಮಾವನಿಗೆ ತಿಳಿಯುವುದಿಲ್ಲ ಎಂದು ಸಂಗೀತಾ ಎಷ್ಟೋ ಸಲ ಅಂಗಲಾಚಿದಳು. "ಅಪ್ಪಗ ಮುಚ್ಚಿಟ್ಟು ತಿಂದ್ರ ಅದು ಮೈಗೆ ಹತ್ತಂಗಿಲ್ಲ ಬಿಡು" ಎಂದ. ಅವಳು ಮೆಡಿಕಲ್ ಅಂಗಡಿಯಿಂದ ಪ್ರೋಟೀನ್ ಪುಡಿ ತಂದಳು. ಅದನ್ನು ಕುಡಿದಾಗಲೆಲ್ಲ ವಾಂತಿ ಮಾಡಿಕೊಂಡ. ಹೀಗೆ ಏಳು ತಿಂಗಳು ಕಳೆದವು.

ಒಂದು ಶುಕ್ರವಾರ ಆಸ್ಪತ್ರೆಯಿಂದ ಮರಳಿ ಬಂದು ಆಟೋದಿಂದ ಇಳಿಯುವಾಗ ವೀರೇಶ ಮುಗ್ಗರಿಸಿದ. ಮುರುಗೆಪ್ಪ ತಟ್ಟನೆ ಅವನ ರಟ್ಟೆ ಹಿಡಿದರು. ಅಂಗಿಯ ತೋಳಿನೊಳಗೆ ರಟ್ಟೆಯನ್ನು ಸುತ್ತಿದ ಅವರ ಹೆಬ್ಬೆರಳು, ನಡುಬೆರಳು ಒಂದಕ್ಕೊಂದು ತಾಗಿದವು. ಇದೇ ಮಗ ಕಾಲೇಜಿನಲ್ಲಿದ್ದಾಗ ಅಂಗಡಿಯ ಕಬ್ಬಿಣದ ಪೆಟ್ಟಿಗೆಗಳನ್ನು ಎರಡೆರಡಾಗಿ ಹೊತ್ತು ಮಾಳಿಗೆಗೆ ಏರಿಸುತ್ತಿದ್ದ. ಮುರುಗೆಪ್ಪ ಅವನನ್ನು ಒಳಗೆ ಕರೆದುಕೊಂಡು ಹೋಗಿ ಮಲಗಿಸಿದರು.

ಮರುದಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರುವ ಮೊದಲೇ ಮಗನ ಮಂಚದ ಬಳಿ ಬಂದು ಕೂತರು.

"ವೀರೂ, ಹುಂಜ ಇಲ್ದಂಗ ಬರೇ ಹ್ಯಾಟಿ ನಾವ ಹಿತ್ತಲದಾಗ ಸಾಕಿದ್ರ ಹ್ಯಾಂಗ? ನನ್ನ ಕಣ್ಣ ಮುಂದ ಇಟ್ರ ನಂಬತೀನಿ. ಅವಾಗ ನೀ ತಿನ್ನು."

ವೀರೇಶ ಅಪ್ಪನ ಮುಖ ನೋಡಿದ. ಆಮೇಲೆ ನಕ್ಕ. ಎಷ್ಟೋ ತಿಂಗಳ ನಂತರ ಅವನು ಹಾಗೆ ದನಿ ಮಾಡಿ ನಕ್ಕದ್ದು ಕೇಳಿ ಅಡುಗೆಮನೆಯಿಂದ ಸಂಗೀತಾ ಓಡಿ ಬಂದಳು. "ನಿನ್ನ ಮಾವಾರು ಕೋಳಿ ಸಾಕ್ತಾರಂತ" ಎಂದು ಅವನು ಹೇಳಿದ್ದನ್ನು ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು.

ಆ ದಿನದಿಂದ ತಂದೆ ಮಕ್ಕಳಿಗೆ ಮಾತಾಡಲು ಒಂದು ವಿಷಯ ಸಿಕ್ಕಿತು. ಯಾವ ತಳಿಯ ಕೋಳಿ ತರುವುದು? ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ವೀರೇಶ ಬಲಗೈಯಲ್ಲಿ ಮೊಬೈಲ್ ಹಿಡಿದು ವಿಡಿಯೋ ನೋಡುತ್ತಿದ್ದ. ಸಂಜೆ ಹಿತ್ತಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಪ್ಪನಿಗೆ ವರದಿ ಕೊಡುತ್ತಿದ್ದ. ಅವನ ಎಡಗೈಯಲ್ಲಿ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಅಲ್ಲಿ ಗೀರು ಬಿದ್ದರೆ ರಕ್ತ ನಿಲ್ಲುವುದು ಕಷ್ಟ. ಹಾಗಾಗಿ ಕುಕ್ಕುವ, ಪರಚುವ ಕೋಳಿ ಆಗಲೇಬಾರದು. ಬೆನ್ನಟ್ಟಿ ಹಿಡಿಯುವ ಶಕ್ತಿ ಅವನಲ್ಲಿಲ್ಲ, ಆದ್ದರಿಂದ ಓಡಿಹೋಗುವ ಕೋಳಿಯೂ ಆಗದು.

"ಕಡಕನಾಥ ಅಂತ ಒಂದೈತಪಾ. ಮೈಯೆಲ್ಲಾ ಕರಿ, ಮಾಂಸಾನೂ ಕರಿ."

"ನಮಗ್ಯಾಕ ಮಾಂಸದ ಸುದ್ದಿ?"

"ಆತು ಬಿಡ್ರಿ, ಅದು ಬ್ಯಾಡ. ಅಂಜುಬುರುಕ ಅಂತ. ತತ್ತೀನೂ ಕಡಿಮಿ. ಬೆಂಗಳೂರಾಗ ಮಾಡಿದ ಗಿರಿರಾಜ ಐತಿ, ಸಮಾಧಾನದ ಕೋಳಿ ಅಂತಾರ. ಆದ್ರ ಭಾಳ ದಪ್ಪ."

"ದಪ್ಪ ಇದ್ರ ಏನಾತು? ಓಡಂಗಿಲ್ಲ."

"ನನ್ನ ತೊಡಿ ಮ್ಯಾಲ ಕೂತ್ರ ನಾ ಏಳೋದ ಆಗಂಗಿಲ್ಲ ಅಪ್ಪಾ" ಎಂದು ವೀರೇಶ ನಕ್ಕ.

ಒಂದು ದಿನ ಅವನೇ ಇದ್ದಕ್ಕಿದ್ದಂತೆ, "ನೀವು ಇಷ್ಟು ಮಾತಾಡ್ತೀರಂತ ನಂಗ ಗೊತ್ತ ಇರ್ಲಿಲ್ಲ" ಎಂದ. ಮುರುಗೆಪ್ಪ ನುಗ್ಗೆಮರದ ಕಡೆ ನೋಡಿದರು. ಅಂಗಡಿಯಲ್ಲಿ ಮಗನೊಂದಿಗೆ ಇಪ್ಪತ್ತು ವರ್ಷ ಕೂತಿದ್ದರೂ ಸರಕಿನ ಮಾತು ಬಿಟ್ಟು ಬೇರೆ ಏನು ಮಾತಾಡಿದ್ದೆ ಎಂದು ನೆನೆಸಿಕೊಳ್ಳಲು ನೋಡಿದರು. ಏನೂ ನೆನಪಾಗಲಿಲ್ಲ.

ಶನಿವಾರ ಪ್ರಣಮ್ಯಾಳನ್ನೂ ಕರೆದುಕೊಂಡು ಮೂವರೂ ಆಟೋದಲ್ಲಿ ರೆಡ್‌ಹಿಲ್ಸ್ ಕಡೆ ಹೋದರು. ಅಲ್ಲಿ ಸಮೀರ್ ಎಂಬಾತ ಸಣ್ಣ ಕೋಳಿ ಫಾರ್ಮ್ ಇಟ್ಟುಕೊಂಡಿದ್ದ. ಐವತ್ತರ ಆಸುಪಾಸಿನ, ಮೆದು ಮಾತಿನ ಮನುಷ್ಯ. ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಮುರುಗೆಪ್ಪನವರ ಹಣೆಯ ವಿಭೂತಿಯನ್ನೂ ಕೊರಳಿನ ಲಿಂಗದ ಕರಡಿಗೆಯನ್ನೂ ಕಂಡು ಅವನು ಒಂದು ಕ್ಷಣ ಅನುಮಾನಿಸಿದ. ಆಮೇಲೆ ವೀರೇಶನ ಊದಿದ ಪಾದ, ಕೈಯ ಮೇಲಿನ ಪಟ್ಟಿ ನೋಡಿ, ಯಾಕೆ ಬಂದಿದ್ದಾರೆಂದು ಕೇಳದೆಯೇ ಅರ್ಥ ಮಾಡಿಕೊಂಡ.

ಮೊದಲು ಅವನು ಪೆರುವಿಡೈ ಎಂಬ ಎತ್ತರದ, ಗಟ್ಟಿ ಕಾಲಿನ ನಾಟಿ ಕೋಳಿಗಳನ್ನು ತೋರಿಸಿದ. "ಇವು ಜಗಳಗಂಟಿ. ನಿಮಗೆ ಬೇಡ." ಪಕ್ಕದಲ್ಲಿದ್ದ ಸಿರುವಿಡೈ ಎಂಬ ಚಿಕ್ಕ ನಾಟಿ ಕೋಳಿಗಳು ಜನ ಬಂದದ್ದೇ ತಡ ಪುರ್ರನೆ ಹಾರಿ ಬೇಲಿಯ ಮೇಲೆ ಕೂತವು. "ಗಟ್ಟಿ ಜೀವ. ಆದರೆ ನಾಲ್ಕು ತಿಂಗಳಿಗೊಮ್ಮೆ ಕಾವಿಗೆ ಕೂತುಬಿಡುತ್ತವೆ. ಆಗ ಮೊಟ್ಟೆ ಇಲ್ಲ, ಮುಟ್ಟಲು ಹೋದರೆ ಕುಕ್ಕುತ್ತವೆ." ಕೊನೆಗೆ ತಂತಿಬಲೆಯ ಒಂದು ಬಾಗಿಲು ತೆರೆದ. ಒಳಗೆ ಇಟ್ಟಿಗೆ ಬಣ್ಣದ, ಇನ್ನೂ ಮೊಟ್ಟೆಗೆ ಬಾರದ ಹೇಂಟೆಗಳು ಇದ್ದವು. "ಬಿವಿ ಮುನ್ನೂರ ಎಂಬತ್ತು ಅಂತಾರೆ ಇದಕ್ಕೆ. ಹೆಸರು ಬರೀ ನಂಬರು ನೋಡಿ, ಆದರೆ ಕೋಳಿ ಮಾತ್ರ ಚಿನ್ನ. ಕಾವಿಗೆ ಕೂರುವುದಿಲ್ಲ, ಜಗಳ ಗೊತ್ತಿಲ್ಲ. ಇನ್ನೊಂದು ತಿಂಗಳಿಗೆ ದಿನಾ ಇಡಲು ಶುರು ಮಾಡುತ್ತವೆ."

"ಅಜ್ಜಾ, ಅದು ಕೊತ್ತುಮಾ?" ಎಂದು ಪ್ರಣಮ್ಯಾ ಅಜ್ಜನ ಹಿಂದೆ ಅಡಗಿ ಕೇಳಿದಳು, ಕುಕ್ಕುತ್ತದೆಯೇ ಎಂದು. ಅವಳಿಗೆ ಮನೆಯ ಕನ್ನಡ ಎಲ್ಲ ತಿಳಿಯುತ್ತಿತ್ತು. ಬಾಯಿಗೆ ಬರುತ್ತಿದ್ದುದು ಮಾತ್ರ ತಮಿಳು. ಸಮೀರ್ ಒಂದು ಕೋಳಿಯನ್ನು ಎತ್ತಿ, ಮೊಂಡಾಗಿದ್ದ ಅದರ ಕೊಕ್ಕಿನ ತುದಿಯನ್ನು ತೋರಿಸಿ, ಕಲ್ಲಿನ ಮೇಲೆ ಕೂತಿದ್ದ ವೀರೇಶನ ತೊಡೆಯ ಮೇಲೆ ಇಟ್ಟ. ಅದು ಎರಡು ಸಲ ಕೊರಳು ಕೊಂಕಿಸಿ ನೋಡಿ, ರೆಕ್ಕೆ ಮಡಿಸಿ, ಅಲ್ಲಿಯೇ ಕೂತುಬಿಟ್ಟಿತು.

"ಇದು ಹುಂಜ ಇಲ್ಲದೆಯೂ ಇಡುತ್ತದೆಯೇ?" ಎಂದು ಮುರುಗೆಪ್ಪ ಕೇಳಿದರು.

ಸಮೀರನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮೊಟ್ಟೆಗೂ ಹುಂಜಕ್ಕೂ ಏನು ಸಂಬಂಧ ಸಾರ್? ಮರಿ ಬೇಕಿದ್ದರೆ ಹುಂಜ. ಬನ್ನಿ ಇಲ್ಲಿ." ಅವರನ್ನು ಹಿಂದಿನ ಉದ್ದನೆಯ ಶೆಡ್ಡಿಗೆ ಕರೆದುಕೊಂಡು ಹೋದ. ಸಾಲುಸಾಲಾಗಿ ಬಿಳಿ ಕೋಳಿಗಳು, ಅವುಗಳ ಮುಂದೆ ಓರೆಯಾದ ತಂತಿಯ ಮೇಲೆ ಉರುಳಿ ಬಂದು ನಿಂತ ಬಿಳಿ ಮೊಟ್ಟೆಗಳು. "ಸಾವಿರದ ಇನ್ನೂರು ಇವೆ. ಒಂದು ಹುಂಜ ಹುಡುಕಿ ತೋರಿಸಿ ನೋಡೋಣ. ಹುಂಜ ಇಟ್ಟುಕೊಂಡರೆ ತೀನಿ ದಂಡ. ನಿಮ್ಮ ಬೀದಿಯ ಅಂಗಡಿಗೆ ಬರುವ ಮೊಟ್ಟೆ ಎಲ್ಲಾ ಇಂಥ ಶೆಡ್ಡಿನದೇ. ಯಾವುದರಲ್ಲೂ ಜೀವ ಇರುವುದಿಲ್ಲ."

ಮುರುಗೆಪ್ಪ ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ನಡೆದರು. ಪ್ರತಿ ಸಾಲಿನಲ್ಲೂ ನಿಂತು ನೋಡಿದರು. ಮರಳಿ ಬರುವಾಗ ಅವರ ನಡಿಗೆ ನಿಧಾನವಾಗಿತ್ತು. ವೀರೇಶ ಕೋಳಿಯನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ನಾ ಹೇಳಿದ್ದೆನಲ್ಲ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. "ಇಂಥಾವ ಐದು ತಗೊಳ್ಳೋಣಲ್ಲಪ್ಪಾ?" ಎಂದಷ್ಟೇ ಕೇಳಿದ.

ಐದು ಹೇಂಟೆಗಳನ್ನು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇರಿಸಿಕೊಂಡು ಹೊರಟರು. ಅಂಬತ್ತೂರು ಇನ್ನೂ ದೂರವಿದ್ದಾಗಲೇ ಮುರುಗೆಪ್ಪ ಆಟೋ ನಿಲ್ಲಿಸಲು ಹೇಳಿ, ಒಂದು ಕಿರಾಣಿ ಅಂಗಡಿಗೆ ಹೋದರು. ಮರಳಿ ಬಂದಾಗ ಅವರ ಎರಡೂ ಕೈಯಲ್ಲಿ ಒಂದು ಟ್ರೇ ಮೊಟ್ಟೆ ಇತ್ತು. ಜೀವಮಾನದಲ್ಲಿ ಮೊದಲ ಸಲ ಮುಟ್ಟಿದ್ದರಿಂದ ಎಷ್ಟು ಬಿಗಿ ಹಿಡಿಯಬೇಕೆಂದು ತಿಳಿಯದೆ ಅಂಗೈ ಚಾಚಿ ಅದರ ಮೇಲಿಟ್ಟುಕೊಂಡು ತಂದಿದ್ದರು. ಮನೆಯವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ಹ್ಯಾಟಿ ಇಡೋತನಕ ಕಾಯೋದು ಬ್ಯಾಡ" ಎಂದರು.

ಹಿಂದಿನ ಪಡಸಾಲೆಯಲ್ಲಿ ಒಂದು ಕರೆಂಟಿನ ಒಲೆ, ಒಂದು ಬೇರೆ ಪಾತ್ರೆ ಇಟ್ಟುಕೊಂಡು ಬೇಯಿಸುವ ಕೆಲಸವನ್ನು ಅವರೇ ಹಚ್ಚಿಕೊಂಡರು. ಸೊಸೆ ಮಾಡುತ್ತೇನೆಂದರೂ ಬಿಡಲಿಲ್ಲ. ಮೊದಮೊದಲು ಸಿಪ್ಪೆಯೊಂದಿಗೆ ಅರ್ಧ ಬಿಳಿಯೂ ಕಿತ್ತು ಬರುತ್ತಿತ್ತು. ಆಮೇಲೆ ಕೈ ಕುದುರಿತು. ಹಳದಿಯನ್ನು ತೆಗೆದು ಬೀದಿಯ ಬೆಕ್ಕಿಗೆ ಹಾಕಿ, ಬಿಳಿಯನ್ನು ಮೆಣಸಿನಪುಡಿ ಉದುರಿಸಿ ಮಗನ ಕೈಗೆ ಕೊಡುತ್ತಿದ್ದರು. ಅವನು ತಿಂದು ಮುಗಿಸುವವರೆಗೂ ಎದುರೇ ನಿಂತಿರುತ್ತಿದ್ದರು.

ಹೇಂಟೆಗಳಿಗೆ ಪ್ರಣಮ್ಯಾ ತನ್ನ ಟೀಚರುಗಳ ಹೆಸರಿಟ್ಟಳು. ಸೈನ್ಸ್ ಮಿಸ್, ಹಿಂದಿ ಮಿಸ್, ಪಿಟಿ ಮಿಸ್, ಹೀಗೆ. ಎಲ್ಲಕ್ಕಿಂತ ಗಂಭೀರವಾಗಿ ನಡೆಯುತ್ತಿದ್ದುದಕ್ಕೆ ಮ್ಯಾತ್ಸ್ ಮಿಸ್ ಎಂದು ಅಮ್ಮನ ಹೆಸರು. ಸಂಜೆ ವೀರೇಶ ಕುರ್ಚಿಯಲ್ಲಿ ಕೂತರೆ ಅವು ಒಂದೊಂದಾಗಿ ಬಂದು ಅವನ ಪಾದದ ಸುತ್ತ ಮಣ್ಣು ಕೆದಕುತ್ತಿದ್ದವು. ಒಂದು ತಿಂಗಳ ಬಳಿಕ ಬಟ್ಟೆ ಕಲ್ಲಿನ ಹಿಂದೆ ಮೊದಲ ಮೊಟ್ಟೆ ಸಿಕ್ಕಿತು. ನಿಂಬೆಹಣ್ಣಿಗಿಂತ ತುಸು ದೊಡ್ಡದು, ತಿಳಿ ಕಂದು ಬಣ್ಣ, ಇನ್ನೂ ಬಿಸಿ. ವೀರೇಶ ಅದನ್ನು ಅಪ್ಪನ ಕೆನ್ನೆಗೆ ತಾಗಿಸಿದ. ಮುರುಗೆಪ್ಪ ಮುಖ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ರಕ್ತಪರೀಕ್ಷೆಯ ಅಂಕಿ ಸ್ವಲ್ಪ ಮೇಲೆ ಬಂತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ತಪ್ಪಿತು. ಒಂದು ಭಾನುವಾರ ಅಂಗಡಿಗೂ ಹೋಗಿ ಅರ್ಧ ಗಂಟೆ ಕೂತು ಬಂದ. ಇನ್ನೇನು, ದಡ ಸೇರಿದೆವು ಎಂದು ಮನೆಯವರೆಲ್ಲ ಅಂದುಕೊಂಡರು.

ಮೇ ತಿಂಗಳ ಬಿಸಿಲು ಶುರುವಾಯಿತು. ಡಯಾಲಿಸಿಸ್‌ನವರಿಗೆ ಬೇಸಿಗೆ ಎಂದರೆ ಬಾಯಾರಿಕೆಯ ಶಿಕ್ಷೆ. ಇಡೀ ದಿನಕ್ಕೆ ಮೂರು ಲೋಟ ನೀರು, ಅದಕ್ಕಿಂತ ಒಂದು ಗುಟುಕು ಹೆಚ್ಚಾದರೂ ಉಸಿರಿಗೆ ತೊಂದರೆ. ಶನಿವಾರ, ಭಾನುವಾರ ಎರಡು ದಿನ ಯಂತ್ರವಿಲ್ಲದೆ ಕಳೆಯಬೇಕಾದ್ದರಿಂದ ಸೋಮವಾರ ಬೆಳಿಗ್ಗೆಯೇ ಅವನಿಗೆ ಎಲ್ಲಕ್ಕಿಂತ ಕಷ್ಟ. ಅಂಥ ಒಂದು ಸೋಮವಾರ, ಆರೂವರೆಗೆ, ಆಸ್ಪತ್ರೆಗೆ ಹೊರಡಲು ಅಂಗಿ ಹಾಕಿಕೊಂಡು ಹಿತ್ತಲಿನ ಕುರ್ಚಿಯಲ್ಲಿ ಕೂತಿದ್ದ. "ಸಂಗೀತಾ, ಫೈಲ್ ತಗೊಂಡಿಯೇನ?" ಎಂದು ಕೂಗಿದ್ದು ಅವಳಿಗೆ ಕೇಳಿಸಿತು. ಅವಳು ಫೈಲ್ ಹಿಡಿದು ಹೊರಗೆ ಬರುವಷ್ಟರಲ್ಲಿ ಅವನ ತಲೆ ಒಂದು ಕಡೆಗೆ ವಾಲಿತ್ತು. ಮುರುಗೆಪ್ಪ ಪೂಜೆಯಿಂದ ಎದ್ದು ಓಡಿ ಬಂದರು. ಆಂಬುಲೆನ್ಸ್ ಬಂತು. ಅದರಲ್ಲಿ ಬಂದವರು ಎದೆ ಒತ್ತಿ ನೋಡಿದರು. ಹೃದಯ ನಿಂತಿತ್ತು.

ಊರಿನಿಂದ ನೆಂಟರು ಬಂದರು. ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿದರು. ಶಿವಗಣಾರಾಧನೆಯ ದಿನ ಮುರುಗೆಪ್ಪನವರ ತಮ್ಮ ಶಿವಶರಣ ಹಿತ್ತಲಿಗೆ ಹೋದವನು ಮುಖ ಸಿಂಡರಿಸಿಕೊಂಡು ಬಂದ. "ಅಣ್ಣಾ, ಲಿಂಗವಂತರ ಮನ್ಯಾಗ ಕೋಳಿ! ಈಗರ ಯಾರಿಗರ ಕೊಟ್ಟು ಕೈ ತೊಳಕೋ." ಮುರುಗೆಪ್ಪ ಎದ್ದು ಹೋಗಿ ಕೋಳಿಗಳ ನೀರು ಬದಲಿಸಿದರು.

ನೆಂಟರು ಹೋದ ಮೇಲೆ ಒಂದು ಬೆಳಿಗ್ಗೆ ಅವರು ಗೂಡಿನಿಂದ ನಾಲ್ಕು ಮೊಟ್ಟೆ ತೆಗೆದು, ಒಲೆ ಹಚ್ಚಿ, ಪಾತ್ರೆಗೆ ನೀರಿಟ್ಟರು. ಸಂಗೀತಾ ಬಾಗಿಲಿಗೆ ಬಂದು ನಿಂತಳು.

"ಯಾರಿಗೆ ಕುದಸಾಕತ್ತೀರಿ ಮಾವಾರ?"

ಮುರುಗೆಪ್ಪ ಪಾತ್ರೆಯನ್ನು ನೋಡಿದರು. ಆಗಲೇ ಅವರಿಗೆ ಎಚ್ಚರವಾದದ್ದು. ಕೈಗೆ ಬಂದ ರೂಢಿ ಕೆಲಸ ಮಾಡಿತ್ತು.

"ಏಳು ತಿಂಗಳು" ಎಂದಳು ಸಂಗೀತಾ. ದನಿ ಏರಿರಲಿಲ್ಲ. "ಏಳು ತಿಂಗಳು ನಾ ಕೈಮುಗದು ಕೇಳಿದ್ನಿ. ಅವರೂ ಹೇಳಿದ್ರು. ಡಾಕ್ಟ್ರು ಹೇಳಿದ್ರು. ನಿಮಗ ಹುಂಜ ಇಲ್ಲಂತ ಕಣ್ಣಿಂದ ನೋಡಬೇಕಿತ್ತು."

"ಹೌದವಾ" ಎಂದರು ಮುರುಗೆಪ್ಪ.

ಅವಳು ಇನ್ನೂ ಏನನ್ನೋ ನಿರೀಕ್ಷಿಸಿದವಳಂತೆ ನಿಂತೇ ಇದ್ದಳು. ಅವರು ಒಲೆ ಆರಿಸಿದರು. ಮೊಟ್ಟೆಗಳನ್ನು ಒಂದು ಚೀಲಕ್ಕೆ ಹಾಕಿ, ಬೀದಿ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಕಲಾವತಿಗೆ ಕೊಟ್ಟು ಬಂದರು. ಅಂದಿನಿಂದ ದಿನವೂ ಹಾಗೆಯೇ ಮಾಡಿದರು. ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ಬೇರೆ ಮಾತೂ ಕಡಿಮೆಯಾಯಿತು.

ಜೂನ್ ತಿಂಗಳ ಒಂದು ಸೋಮವಾರ ಅವರು ಒಬ್ಬರೇ ಕೀಲ್ಪಾಕಿಗೆ ಹೋದರು. ವೀರೇಶನನ್ನು ನೋಡುತ್ತಿದ್ದ ಡಾಕ್ಟರ ಎದುರು ಕೂತು, ಮೊದಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದರು: ಏಳು ತಿಂಗಳು ಮೊದಲೇ ಮೊಟ್ಟೆ ಕೊಟ್ಟಿದ್ದರೆ ಮಗ ಉಳಿಯುತ್ತಿದ್ದನೇ? ಡಾಕ್ಟರು ಪೆನ್ನು ಕೆಳಗಿಟ್ಟರು. ಒಂದು ಒಳ್ಳೆಯ ಸುಳ್ಳು ಹೇಳಬಹುದಿತ್ತು. ಅವರು ಹೇಳಲಿಲ್ಲ. "ಗೊತ್ತಿಲ್ಲ ಸಾರ್. ಉಳಿಯುತ್ತಿದ್ದರು ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ. ಮೈಯಲ್ಲಿ ಬಲ ಇದ್ದವರು ಇನ್ನಷ್ಟು ದಿನ ತಡೆದುಕೊಳ್ಳುತ್ತಾರೆ. ಅಷ್ಟೇ ನನಗೆ ಗೊತ್ತಿರುವುದು."

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಗಂಡ ಹೆಂಡತಿ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅವರನ್ನು ಮುಂಚೆಯೂ ನೋಡಿದ್ದ ನೆನಪು. ಗಂಡ ತಿರುಮಲ, ಅಡ್ಯಾರಿನಿಂದ ಬರುವವರು, ಹಣೆಯಲ್ಲಿ ಮಾಧ್ವರ ಅಂಗಾರ ಅಕ್ಷತೆ. ಹೆಂಡತಿ ಭೀಮಾಬಾಯಿ, ಅರವತ್ತರ ಹತ್ತಿರ, ಎಡಗೈಗೆ ಪಟ್ಟಿ. ಅವರ ಕೈಯಲ್ಲಿ ಡಯಟಿಷಿಯನ್ ವೀರೇಶನಿಗೆ ಕೊಟ್ಟಂಥದೇ ಊಟದ ಪಟ್ಟಿಯ ಹಸಿರು ಕಾಗದ ಇತ್ತು.

"ಅವಳಿಗೇನು, ಬರೆದುಕೊಟ್ಟುಬಿಡ್ತಾಳೆ" ಎನ್ನುತ್ತಿದ್ದರು ತಿರುಮಲ. "ಸೋಯಾ ಏನಾದ್ರೂ ನೋಡೋಣ. ಇದೆಲ್ಲಾ ನಮ್ಮಂಥವರಿಗಲ್ಲ."

ಮುರುಗೆಪ್ಪ ಅವರ ಕಡೆ ತಿರುಗಿದರು. "ರೀ, ಅದರಾಗ ಜೀವಾ ಇರಂಗಿಲ್ಲರೀ. ನಾ ಕಣ್ಣಾರೆ ನೋಡೀನಿ. ಸಾವಿರದ ಇನ್ನೂರು ಕೋಳಿ, ಒಂದ ಹುಂಜ ಇಲ್ಲ." ತಮ್ಮ ಮಗನ ಸಂಗತಿಯನ್ನೆಲ್ಲ ಹೇಳಿದರು. ಏಳು ತಿಂಗಳ ಸಂಗತಿಯನ್ನು ಮುಚ್ಚಿಡಲಿಲ್ಲ.

ತಿರುಮಲ ಮರ್ಯಾದೆಯಿಂದಲೇ ಕೇಳಿಸಿಕೊಂಡರು. "ನಿಮ್ಮ ಕಷ್ಟ ಅರ್ಥ ಆಗತ್ತೆ ಸಾರ್. ಆದ್ರೆ ನಮ್ಮ ಮನೇಲಿ ಮಡಿ, ದೇವರ ಪೂಜೆ ಎಲ್ಲಾ ಇದೆ. ಅದು ಒಳಗೆ ಬರೋ ಹಾಗಿಲ್ಲ." ಎದ್ದು, ಹೆಂಡತಿಯನ್ನು ಕರೆದುಕೊಂಡು ದೂರದ ಬೆಂಚಿಗೆ ಹೋದರು.

ಮನೆಗೆ ಬಂದು ಮುರುಗೆಪ್ಪ ಇದನ್ನು ಸೊಸೆಗೆ ಹೇಳಿದರು. ಎಷ್ಟೋ ದಿನಗಳ ಮೇಲೆ ತಾವಾಗಿ ಆಡಿದ ಮಾತು ಅದು. "ಅವ್ರು ಕೇಳ್ಲಿಲ್ಲವಾ."

ಸಂಗೀತಾ ಉತ್ತರಪತ್ರಿಕೆ ತಿದ್ದುತ್ತಿದ್ದಳು. "ನೀವೂ ಕೇಳಿರ್ಲಿಲ್ಲ" ಎಂದಳು. ಕೆಂಪು ಪೆನ್ನು ಒಂದೆರಡು ಹಾಳೆಗಳ ಮೇಲೆ ಓಡಿತು. ತಲೆ ಎತ್ತದೆಯೇ ಹೇಳಿದಳು: "ಬುಧವಾರ ಮತ್ತ ಬರ್ತಾರ ಅವ್ರು. ಹೋಗ್ರಿ."

ಬುಧವಾರ ಹೋದರು. ತಿರುಮಲ ಇವರನ್ನು ಕಂಡು ಪೇಪರ್ ಅಗಲಿಸಿಕೊಂಡರು. ಶುಕ್ರವಾರ ಮತ್ತೆ ಹೋದರು. ಅಂದು ತಿರುಮಲ ಔಷಧಿ ತರಲು ಕೆಳಗೆ ಇಳಿದಿದ್ದರು. ಭೀಮಾಬಾಯಿ ಒಬ್ಬರೇ ಕೂತಿದ್ದವರು ತಾವಾಗಿ ಇವರನ್ನು ಕರೆದರು.

"ವಾಸನೆ ಬರತ್ತಾ ಅದು?"

"ಬರತೈತಿ ತಾಯಿ" ಎಂದರು ಮುರುಗೆಪ್ಪ. "ಸುಳ್ಳು ಯಾಕ ಹೇಳ್ಲಿ. ನಂಗೂ ಮೊದಲ ಹೊಟ್ಟಿ ತೊಳಸತಿತ್ತು. ಎಂಟು ದಿನಕ್ಕ ರೂಢಿ ಆತು."

ಆಕೆ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಇವರಿಗೆ ನಾನೇ ಹೇಳ್ಕೋತೀನಿ. ನಾಲ್ಕು ದಿನ ಮುನಿಸ್ಕೋತಾರೆ, ಅಷ್ಟೇ ತಾನೆ." ಆಮೇಲೆ ಮೆಲ್ಲಗೆ ಕೇಳಿದರು: "ಅಷ್ಟು ದಿನ ಕೊಡದೇ ಇದ್ದದ್ದಕ್ಕೆ ನಿಮ್ಮ ಮಗ ಏನಂದ್ರು?"

ಮುರುಗೆಪ್ಪ ಉತ್ತರಿಸಲು ಬಾಯಿ ತೆರೆದರು. ಮಗ ಸತ್ತ ದಿನ ಅವರು ಅತ್ತಿರಲಿಲ್ಲ. ಮಣ್ಣು ಮಾಡುವಾಗಲೂ ಅತ್ತಿರಲಿಲ್ಲ.

"ಏನೂ ಅನ್ಲಿಲ್ಲ ತಾಯಿ" ಎಂದರು. "ನಂಗ ಒಂದ ಮಾತೂ ಅನ್ಲಿಲ್ಲ ಅಂವಾ."

ಹೆಗಲ ಮೇಲಿನ ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡರು. ಒಳಗಿನಿಂದ ನರ್ಸ್ ಭೀಮಾಬಾಯಿಯ ಹೆಸರು ಕೂಗಿದಳು, ಮತ್ತೊಮ್ಮೆ ಕೂಗಿದಳು. ಬಂದೆ ಎಂದು ಕೈಯೆತ್ತಿ ತೋರಿಸಿ, ಆಕೆ ಅವರ ಪಕ್ಕದಲ್ಲೇ ಕೂತೇ ಇದ್ದರು.